ಗಾರ್ಚಾಂಪ್: ಮೂರು ಸೆಟ್‌ಗಳಲ್ಲಿ ನಿಮ್ಮದು ಯಾವುದು, ಎದುರಿಗೆ ಬಂದರೆ ಯಾರನ್ನು ಇಳಿಸುವುದು

ಪೋಕೆಮಾನ್ ಟೀಮ್ ಕಟ್ಟುವಾಗ ಐದು ಜಾಗ ತುಂಬಿ ಆರನೆಯದಕ್ಕೆ ಏನೂ ತೋಚದಿದ್ದರೆ ಬಹಳ ಜನ ಸುಮ್ನೆ ಗಾರ್ಚಾಂಪ್ ಹಾಕಿಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳ ಜೊತೆ ಬಂದ ಈ ಡ್ರ್ಯಾಗನ್-ಗ್ರೌಂಡ್ ಮೃಗ ಇವತ್ತಿಗೂ ಹಳತಾಗಿಲ್ಲ. ತೊಂದರೆ ಬರುವುದು ಹಾಕಿದ ಮೇಲೆ. ಯಾರದೋ ಸೆಟ್ (ಮೂವ್, ಐಟಮ್, ಅಂಕಿಗಳ ಜೋಡಣೆ) ನಕಲು ಮಾಡಿ ತರುತ್ತೇವೆ. ನಮ್ಮ ಟೀಮಿಗೆ ಬೇಕಿದ್ದದ್ದು ಬೇರೆ, ಕೈಯಲ್ಲಿರುವುದು ಬೇರೆ. ಮೂರನೇ ಟರ್ನ್‌ಗೆ ಅದು ಸತ್ತು ಮಲಗಿದ ಮೇಲೆ 'ಇದೇನು ಅಷ್ಟೊಂದು ಹೇಳ್ತಾರಲ್ಲ' ಅನ್ನಿಸುತ್ತದೆ.

ಇಲ್ಲಿ ನಾನು ಹೋಲಿಸುವುದು ಸ್ಕಾರ್ಲೆಟ್ ಮತ್ತು ವೈಲೆಟ್ ಕಾಲದ ಆರಕ್ಕೆ ಆರು ಸಿಂಗಲ್ಸ್ ಆಟದಲ್ಲಿ ಕಾಣುವ ಮೂರು ಸೆಟ್‌ಗಳನ್ನು: ಸ್ವೋರ್ಡ್ಸ್ ಡ್ಯಾನ್ಸ್, ಚಾಯ್ಸ್ ಸ್ಕಾರ್ಫ್ ಮತ್ತು ರಾಕಿ ಹೆಲ್ಮೆಟ್ ಹಾಕಿದ ಗಟ್ಟಿ ಸೆಟ್. ಮೂರಕ್ಕೂ ಒಂದೊಂದು ಬೆಲೆ ಇದೆ. ಮೊದಲನೆಯದು ಒಂದು ಟರ್ನ್ ಕೇಳುತ್ತದೆ. ಎರಡನೆಯದು ನಿಮ್ಮ ಸ್ವಾತಂತ್ರ್ಯ ಕೇಳುತ್ತದೆ. ಮೂರನೆಯದು ಕೊಲ್ಲುವ ಶಕ್ತಿಯನ್ನೇ ಕೇಳುತ್ತದೆ. ನಿಮ್ಮ ಟೀಮ್ ಇದರಲ್ಲಿ ಯಾವುದನ್ನು ಕೊಡಬಲ್ಲದು ಅನ್ನುವುದೇ ಪ್ರಶ್ನೆ.

ಮೊದಲು 102 ಅನ್ನುವ ಅಂಕಿ

ಗಾರ್ಚಾಂಪ್‌ನ ಬೇಸ್ ಅಂಕಿಗಳು ಹೀಗಿವೆ: ಎಚ್‌ಪಿ (ಜೀವಶಕ್ತಿ) 108, ಅಟ್ಯಾಕ್ 130, ಡಿಫೆನ್ಸ್ 95, ಸ್ಪೆಷಲ್ ಅಟ್ಯಾಕ್ 80, ಸ್ಪೆಷಲ್ ಡಿಫೆನ್ಸ್ 85, ಸ್ಪೀಡ್ 102. ಎಲ್ಲರ ಕಣ್ಣು 130ರ ಮೇಲೆ ಹೋಗುತ್ತದೆ. ನನ್ನ ಕಣ್ಣು ಕೊನೆಯದರ ಮೇಲೆ. ಪೋಕೆಮಾನ್‌ನಲ್ಲಿ ಬೇಸ್ ಸ್ಪೀಡ್ ಸರಿಯಾಗಿ 100 ಇರುವವರದ್ದು ದೊಡ್ಡ ಗುಂಪು. ವಾಲ್ಕರೋನಾ, ಜ್ಯಾಪ್‌ಡಾಸ್, ಮ್ಯೂ ಎಲ್ಲ ಅಲ್ಲೇ ನಿಂತಿವೆ. ಲೆವೆಲ್ 100ರಲ್ಲಿ ಅವುಗಳ ಗರಿಷ್ಠ ಸ್ಪೀಡ್ 328. ಸ್ಪೀಡ್ ಏರಿಸುವ ಜಾಲಿ ನೇಚರ್ (ಸ್ವಭಾವ) ಇರುವ ಗಾರ್ಚಾಂಪ್‌ನದ್ದು 333. ಬರೀ ಐದು ಪಾಯಿಂಟ್ ಜಾಸ್ತಿ, ಆದರೆ ಮೊದಲ ಏಟು ಯಾರದ್ದು ಅನ್ನುವುದನ್ನು ಆ ಐದೇ ತೀರ್ಮಾನಿಸುತ್ತವೆ.

ಅದಕ್ಕೇ ಹೊಡೆಯುವ ಸೆಟ್‌ಗಳಲ್ಲಿ ಅಡಮಂಟ್ ನೇಚರ್ ಹಾಕುವವರನ್ನು ಕಂಡರೆ ನನಗೆ ಸಂಕಟ. ಅಡಮಂಟ್‌ನಲ್ಲಿ ಅಟ್ಯಾಕ್ 359ರಿಂದ 394ಕ್ಕೆ ಏರುತ್ತದೆ, ಸರಿ. ಸ್ಪೀಡ್ ಮಾತ್ರ 303ಕ್ಕೆ ಇಳಿಯುತ್ತದೆ. ಲ್ಯಾಂಡರಸ್-ಥೀರಿಯನ್ 309ರವರೆಗೆ ಓಡಬಲ್ಲದು, ಕ್ಯೂರೆಮ್ 317ರವರೆಗೆ. ಕ್ಯೂರೆಮ್‌ನ ಐಸ್ ಏಟು ಗಾರ್ಚಾಂಪ್‌ಗೆ ನಾಲ್ಕು ಪಟ್ಟು ತಾಗುತ್ತದೆ. ಶೇ. 10ರಷ್ಟು ಜಾಸ್ತಿ ಪೆಟ್ಟಿಗಾಗಿ ಅಂಥವನಿಗೆ ಮೊದಲ ಏಟು ಬಿಟ್ಟುಕೊಡುವುದು ಬುದ್ಧಿವಂತಿಕೆ ಅಲ್ಲ. 2013ರಲ್ಲಿ ಎಕ್ಸ್ ಮತ್ತು ವೈ ಆಟಗಳಲ್ಲಿ ಮೆಗಾ ಗಾರ್ಚಾಂಪ್ (ಆಟದ ನಡುವೆ ತಾಳುವ ಬಲವಾದ ರೂಪ) ಬಂದಾಗಲೂ ಇದೇ ಕಥೆ. ಅಟ್ಯಾಕ್ 170ಕ್ಕೆ ಏರಿತು, ಸ್ಪೀಡ್ 92ಕ್ಕೆ ಇಳಿಯಿತು. ಮೆಗಾ ಮಾಡದೆ ಹಾಗೇ ಇಟ್ಟುಕೊಂಡರೇ ವಾಸಿ ಎಂದವರು ಆಗ ಬಹಳ ಮಂದಿ ಇದ್ದರು.

ಸ್ವೋರ್ಡ್ಸ್ ಡ್ಯಾನ್ಸ್: ಒಂದು ಟರ್ನ್ ಸಾಲ ಕೊಡಿ

ಮೂವ್‌ಗಳು: ಸ್ವೋರ್ಡ್ಸ್ ಡ್ಯಾನ್ಸ್, ಅರ್ಥ್‌ಕ್ವೇಕ್, ಸ್ಕೇಲ್ ಶಾಟ್, ನಾಲ್ಕನೆಯದು ಫೈರ್ ಫ್ಯಾಂಗ್ ಅಥವಾ ಸ್ಟೋನ್ ಎಡ್ಜ್. ಕೈಯಲ್ಲಿ ಲೋಡೆಡ್ ಡೈಸ್. 252 ಇವಿ (ತರಬೇತಿಯಿಂದ ಸಿಗುವ ಅಂಕ) ಅಟ್ಯಾಕ್‌ಗೆ, 252 ಸ್ಪೀಡ್‌ಗೆ, ನೇಚರ್ ಜಾಲಿ.

ಒಂದು ಸಲ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿದರೆ ಅಟ್ಯಾಕ್ ಎರಡು ಪಟ್ಟು. 359 ಇದ್ದದ್ದು 718. ಆದರೆ ಈ ಸೆಟ್‌ನ ಜೀವ ಇರುವುದು ಸ್ಕೇಲ್ ಶಾಟ್‌ನಲ್ಲಿ. 25 ಪವರ್‌ನ ಏಟು, ಎರಡರಿಂದ ಐದು ಸಲ ಬೀಳುತ್ತದೆ. ಡೈಸ್ ಇದ್ದರೆ ನಾಲ್ಕಕ್ಕೆ ಕಡಿಮೆ ಇಲ್ಲ. ಹೊಡೆದು ಮುಗಿದ ಮೇಲೆ ನಿಮ್ಮ ಸ್ಪೀಡ್ ಒಂದು ಹಂತ ಏರುತ್ತದೆ, ಡಿಫೆನ್ಸ್ ಒಂದು ಹಂತ ಇಳಿಯುತ್ತದೆ. 333ರ ಒಂದೂವರೆ ಪಟ್ಟು ಅಂದರೆ 499. ಸ್ಕಾರ್ಫ್ ಹಾಕಿದ ಗಾರ್ಚಾಂಪ್‌ನ ಸ್ಪೀಡೂ ಅದೇ 499. ಅಂದರೆ ಎರಡು ಟರ್ನ್ ಬದುಕಿ ಉಳಿದರೆ ಸ್ಕಾರ್ಫ್‌ನ ವೇಗ ಸಿಕ್ಕಿತು, ಜೊತೆಗೆ ಎರಡು ಪಟ್ಟು ಪೆಟ್ಟು ಸಿಕ್ಕಿತು, ಯಾವ ಮೂವ್‌ಗೂ ಅಂಟಿಕೊಳ್ಳಲೂ ಇಲ್ಲ.

ಎರಡು ಟರ್ನ್ ಬದುಕುವುದೇ ಕಷ್ಟ, ಅಲ್ವಾ? ಹಾಗಾಗಿ ಯಾರ ಮುಂದೆ ಕುಣಿಯಬೇಕು ಅನ್ನುವುದು ಗೊತ್ತಿರಬೇಕು. ಎಲೆಕ್ಟ್ರಿಕ್ ಏಟು ಗಾರ್ಚಾಂಪ್‌ಗೆ ತಾಗುವುದೇ ಇಲ್ಲ. ಫೈರ್, ರಾಕ್, ಪಾಯ್ಸನ್ ಅರ್ಧಕ್ಕರ್ಧ ಕಡಿಮೆ. ಎದುರಾಳಿ ವೋಲ್ಟ್ ಸ್ವಿಚ್ (ಎಲೆಕ್ಟ್ರಿಕ್ ಮೂವ್) ಒತ್ತುತ್ತಾನೆ ಅನ್ನಿಸಿದ ಟರ್ನ್‌ನಲ್ಲಿ ಒಳಗೆ ಬನ್ನಿ. ಅವನು ಬೇರೆಯವನನ್ನು ಹುಡುಕುವಷ್ಟರಲ್ಲಿ ಕುಣಿದು ಮುಗಿಸಿ. ಯಾರೂ ಸಿಗದಿದ್ದರೆ ಬಲವಂತದಿಂದ ಕುಣಿಯಲು ಹೋಗಬೇಡಿ. ಬೂಸ್ಟ್ ಇಲ್ಲದ ಅರ್ಥ್‌ಕ್ವೇಕ್ ಕೂಡ ಸಾಕಷ್ಟು ಕೆಲಸ ಮಾಡುತ್ತದೆ.

ನಾಲ್ಕನೇ ಮೂವ್ ಬಗ್ಗೆ ನನ್ನ ಅಭಿಪ್ರಾಯ ಸರಳ. ಎದುರಿಗೆ ಕಾರ್ವಿನೈಟ್, ಸ್ಕಾರ್ಮರಿ ಥರದ ಸ್ಟೀಲ್-ಫ್ಲೈಯಿಂಗ್ ಪಕ್ಷಿಗಳು ಜಾಸ್ತಿ ಬರುತ್ತಿದ್ದರೆ ಫೈರ್ ಫ್ಯಾಂಗ್. ಸ್ಟೋನ್ ಎಡ್ಜ್ 100 ಪವರ್ ನಿಜ, ಆದರೆ ಅದು ತಾಗುವ ಸಾಧ್ಯತೆ ಶೇ. 80 ಮಾತ್ರ. ಸತತ ಎರಡು ಸಲ ತಾಗಬೇಕಿದ್ದರೆ ಶೇ. 64. ಅದು ತಪ್ಪುವುದು ಬೇಡದ ಹೊತ್ತಿನಲ್ಲೇ ಅನ್ನುವುದು ಆಡಿದವರಿಗೆಲ್ಲ ಗೊತ್ತು.

ಚಾಯ್ಸ್ ಸ್ಕಾರ್ಫ್: ವೇಗ ಈಗಲೇ, ಬಡ್ಡಿ ಆಮೇಲೆ

ಸ್ಕಾರ್ಫ್ ಹಾಕಿದರೆ ಮೊದಲ ಕ್ಷಣದಿಂದಲೇ 499, ಆದರೆ ಹೊರಗೆ ಹೋಗುವವರೆಗೆ ಮೊದಲು ಒತ್ತಿದ ಮೂವ್‌ಗೇ ಅಂಟಿಕೊಳ್ಳಬೇಕು. ಗರಿಷ್ಠ 421 ಓಡುವ ಡ್ರ್ಯಾಗಪಲ್ಟ್ ಕೂಡ ಹಿಂದೆ. ಎದುರಾಳಿ ಬೂಸ್ಟ್ ಮಾಡಿಕೊಂಡು ನಿಮ್ಮ ಟೀಮನ್ನು ಗುಡಿಸುತ್ತಿರುವಾಗ ತಡೆಯಲು ಒಬ್ಬ ಬೇಕು. ಆ ಕೆಲಸ ಮಾಡುವವರು ನಿಮ್ಮ ಟೀಮಿನಲ್ಲಿ ಇನ್ಯಾರೂ ಇಲ್ಲದಿದ್ದರೆ ಸ್ಕಾರ್ಫ್ ಹಾಕಿ. ಇದ್ದರೆ ಹಾಕಬೇಡಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಸ್ಕಾರ್ಫ್ ಏಟಿಗೆ ಶಕ್ತಿ ಕೂಡಿಸುವುದಿಲ್ಲ. ಡಿಫೆನ್ಸ್‌ಗೆ ಪೂರ್ತಿ ಇವಿ ಹಾಕಿದ ಕ್ಲೆಫೇಬಲ್‌ಗೆ ಈ ಗಾರ್ಚಾಂಪ್‌ನ ಅರ್ಥ್‌ಕ್ವೇಕ್ ಹೆಚ್ಚೆಂದರೆ ಶೇ. 43 ಪೆಟ್ಟು ಕೊಡುತ್ತದೆ. ಮೂರು ಸಲ ಹೊಡೆಯಬೇಕು. ಅಷ್ಟರಲ್ಲಿ ಎರಡು ಮೂನ್‌ಬ್ಲಾಸ್ಟ್ ಸಾಕು, ಗಾರ್ಚಾಂಪ್ ಮಲಗುತ್ತದೆ. ಎದುರಾಳಿಯ ನೆಲದ ಮೇಲೆ ಸ್ಟೆಲ್ತ್ ರಾಕ್ ಅಥವಾ ಸ್ಪೈಕ್ಸ್ (ಒಳಗೆ ಬರುವವರಿಗೆ ಪೆಟ್ಟು ಕೊಡುವ ಕಲ್ಲು, ಮುಳ್ಳು) ಹಾಸದೆ ಸ್ಕಾರ್ಫ್ ಗಾರ್ಚಾಂಪ್ ಓಡಿಸುವುದು ಹಲ್ಲಿಲ್ಲದ ನಾಯಿಯನ್ನು ಕಾವಲಿಗೆ ಬಿಟ್ಟ ಹಾಗೆ.

ಔಟ್‌ರೇಜ್ ಬಗ್ಗೆ ಒಂದು ಆಟ ಹೇಳಬೇಕು. ಲ್ಯಾಡರ್‌ನಲ್ಲಿ (ಆನ್‌ಲೈನ್ ರ‍್ಯಾಂಕಿಂಗ್ ಪಂದ್ಯ) ಆಡುತ್ತಿದ್ದೆ. ನನ್ನ ಬಳಿ ನಾಲ್ಕು, ಅವನ ಬಳಿ ಮೂರು. ಎದುರಿಗೆ ಡ್ರ್ಯಾಗಪಲ್ಟ್. ನನ್ನ ಸ್ಕಾರ್ಫ್ ಗಾರ್ಚಾಂಪ್ ಔಟ್‌ರೇಜ್ ಹೊಡೆಯಿತು, ಡ್ರ್ಯಾಗಪಲ್ಟ್ ಒಂದೇ ಏಟಿಗೆ ಹೋಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಅವನು ನಿಧಾನಕ್ಕೆ ಅಜುಮರಿಲ್ ಇಳಿಸಿದ. ವಾಟರ್-ಫೇರಿ. ಔಟ್‌ರೇಜ್ ಶುರುವಾದರೆ ಎರಡು ಮೂರು ಟರ್ನ್ ಅದೇ ಹೊಡೆಯಬೇಕು, ಹಿಂದಕ್ಕೆ ಕರೆಯಲೂ ಆಗುವುದಿಲ್ಲ. ಫೇರಿಗೆ ಡ್ರ್ಯಾಗನ್ ಏಟು ತಾಗುವುದೂ ಇಲ್ಲ. ನನ್ನ ಗಾರ್ಚಾಂಪ್ ಗಾಳಿಗೆ ಗುದ್ದುತ್ತಿದ್ದ ಆ ಒಂದು ಟರ್ನ್‌ನಲ್ಲಿ ಅಜುಮರಿಲ್ ಬೆಲ್ಲಿ ಡ್ರಮ್ ಬಾರಿಸಿ, ಸಿಟ್ರಸ್ ಬೆರ್ರಿ ತಿಂದು, ಅಟ್ಯಾಕ್ ಗರಿಷ್ಠಕ್ಕೆ ಏರಿಸಿಕೊಂಡು ನಿಂತಿತು. ಆಮೇಲೆ ಬರೀ ಆಕ್ವಾ ಜೆಟ್. ಅದು ಯಾವಾಗಲೂ ಮೊದಲು ತಾಗುವ ಮೂವ್, ನನ್ನ 499 ಯಾವ ಲೆಕ್ಕಕ್ಕೂ ಬರಲಿಲ್ಲ. ನನ್ನ ನಾಲ್ಕೂ ಸಾಲಾಗಿ ಮಲಗಿದವು.

ಎದುರಾಳಿಯ ಟೀಮಿನಲ್ಲಿ ಫೇರಿ ಬದುಕಿರುವವರೆಗೆ ಔಟ್‌ರೇಜ್ ಗುಂಡಿಯ ಹತ್ತಿರ ಬೆರಳು ಒಯ್ಯಬೇಡಿ. ಪಾಯ್ಸನ್ ಜ್ಯಾಬ್ ಇಟ್ಟುಕೊಂಡರೆ ಫೇರಿಗಳಿಗೆ ಸ್ವಲ್ಪ ಭಯ ಇರುತ್ತದೆ.

ಹೆಲ್ಮೆಟ್ ಸೆಟ್: ಹೊಡೆಸಿಕೊಂಡು ಗೆಲ್ಲುವುದು

ನನಗೆ ಇಷ್ಟವಾದದ್ದು ಇದೇ, ಮುಚ್ಚಿಡುವುದೇನಿದೆ. ಎಚ್‌ಪಿಗೆ ಪೂರ್ತಿ 252 ಇವಿ ಹಾಕಿದರೆ 420 ಆಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಡಿಫೆನ್ಸ್‌ಗೆ. ಮೂವ್‌ಗಳು ಸ್ಟೆಲ್ತ್ ರಾಕ್, ಸ್ಪೈಕ್ಸ್, ಅರ್ಥ್‌ಕ್ವೇಕ್, ಡ್ರ್ಯಾಗನ್ ಟೇಲ್. ಎಬಿಲಿಟಿ (ಹುಟ್ಟುಗುಣ) ರಫ್ ಸ್ಕಿನ್.

ರಫ್ ಸ್ಕಿನ್ ಮೈ ಮುಟ್ಟಿ ಹೊಡೆದವನ ಎಂಟನೇ ಒಂದು ಪಾಲು ಎಚ್‌ಪಿ ಕಿತ್ತುಕೊಳ್ಳುತ್ತದೆ. ರಾಕಿ ಹೆಲ್ಮೆಟ್ ಇನ್ನೊಂದು ಆರನೇ ಒಂದು ಪಾಲು. ಎರಡೂ ಸೇರಿ ಶೇ. 29. ಗ್ರೇಟ್ ಟಸ್ಕ್ ಬಂದು ನೀವು ಹಾಸಿದ ಕಲ್ಲುಗಳನ್ನು ರ‍್ಯಾಪಿಡ್ ಸ್ಪಿನ್‌ನಿಂದ ಗುಡಿಸಿದರೆ, ಗುಡಿಸಿದ ಕೂಲಿಗೆ ಶೇ. 29 ಕೊಟ್ಟು ಹೋಗಬೇಕು. ಯೂ-ಟರ್ನ್ ಮಾಡಿ ಓಡುವವನಿಗೂ ಅದೇ ಸುಂಕ. ಎಲ್ಲಕ್ಕಿಂತ ಚೆಂದದ್ದು ವಾಟರ್ ಟೈಪ್‌ನ ಊರ್ಶಿಫು. ಅದರ ಸರ್ಜಿಂಗ್ ಸ್ಟ್ರೈಕ್ಸ್ ಮೂರು ಗುದ್ದು. ಪಂಚಿಂಗ್ ಗ್ಲೋವ್ ಹಾಕಿಲ್ಲದಿದ್ದರೆ ಮೂರೂ ಸಲ ಮೈ ಮುಟ್ಟುತ್ತದೆ. ಮೂರು ಗುದ್ದಿಗೆ ತಾನೇ ಶೇ. 87.5 ಕಳೆದುಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಕ್ಕುಬಿಟ್ಟೆ.

ಡ್ರ್ಯಾಗನ್ ಟೇಲ್ ಎಲ್ಲರಿಗಿಂತ ಕೊನೆಗೆ ಹೊಡೆಯುತ್ತದೆ, ತಾಗಿದರೆ ಎದುರಿನವನನ್ನು ಹೊರಗೆ ದಬ್ಬಿ ಇನ್ಯಾರನ್ನೋ ಎಳೆದು ತರುತ್ತದೆ. ಬಂದವರು ಕಲ್ಲು ಮುಳ್ಳು ತುಳಿದುಕೊಂಡೇ ಬರಬೇಕು. ಬೂಸ್ಟ್ ಮಾಡಿಕೊಂಡವರ ಬೂಸ್ಟೂ ಹೋಯಿತು. ಫೇರಿಗಳ ಮೇಲೆ ಮಾತ್ರ ಇದು ನಡೆಯುವುದಿಲ್ಲ.

ಇದರ ಕೊರತೆ ಏನೆಂದರೆ, ಕಳೆದುಕೊಂಡ ಎಚ್‌ಪಿ ವಾಪಸ್ ತರುವ ಒಳ್ಳೆಯ ಮೂವ್ ಗಾರ್ಚಾಂಪ್‌ಗೆ ಇಲ್ಲ. ಕಾರ್ವಿನೈಟ್ ರೂಸ್ಟ್ ಮಾಡುತ್ತದೆ, ಕ್ಲೆಫೇಬಲ್ ಮೂನ್‌ಲೈಟ್ ಮಾಡುತ್ತದೆ, ಗಾರ್ಚಾಂಪ್ ಸುಮ್ಮನೆ ಸವೆಯುತ್ತದೆ. ಎದುರಾಳಿ ಸ್ಟೆಲ್ತ್ ರಾಕ್ ಹಾಸಿದ್ದರೆ ಪ್ರತಿ ಸಲ ಬರುವಾಗ ಹದಿನಾರನೇ ಒಂದು ಪಾಲು ಹೋಗುತ್ತದೆ. ರಾಕ್ ಅರ್ಧಕ್ಕೆ ತಗ್ಗುವುದರಿಂದ ಇಷ್ಟೇ, ಬೇರೆಯವರಿಗಾದರೆ ಸಾಮಾನ್ಯವಾಗಿ ಎಂಟನೇ ಒಂದು. ಹಾಗಾಗಿ ಇದನ್ನು ಗೋಡೆ ಅಂತ ತಿಳಿಯಬೇಡಿ. ನಾಲ್ಕೈದು ಸಲ ಬಂದು ಹೋಗುವಷ್ಟು ಆಯಸ್ಸು ಇರುವ ಕೂಲಿಯಾಳು ಅಂತ ತಿಳಿದು ಖರ್ಚು ಮಾಡಿ.

ಹಾಗಾದರೆ ಯಾವುದು?

ನಿಮ್ಮ ಟೀಮಿನಲ್ಲಿ ಸ್ಟೆಲ್ತ್ ರಾಕ್ ಹಾಸುವವರು ಬೇರೆ ಯಾರೂ ಇಲ್ಲವೇ? ಹೆಲ್ಮೆಟ್ ಸೆಟ್ ಹಾಕಿ, ಜಾಸ್ತಿ ಯೋಚಿಸಬೇಡಿ. ಆ ಕೆಲಸಕ್ಕೆ ಇನ್ನೊಬ್ಬರು ಇದ್ದು, ಎದುರಾಳಿಯ ಸ್ಟೀಲ್-ಫ್ಲೈಯಿಂಗ್ ಪಕ್ಷಿಗಳನ್ನು ಓಡಿಸಬಲ್ಲ ಎಲೆಕ್ಟ್ರಿಕ್ ಅಥವಾ ಫೈರ್ ಹೊಡೆತದವರೂ ಇದ್ದರೆ ಸ್ವೋರ್ಡ್ಸ್ ಡ್ಯಾನ್ಸ್. ಸ್ಕಾರ್ಫ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಹೊಸಬರು ಮೊದಲು ಅದನ್ನೇ ಆರಿಸುತ್ತಾರೆ, ಯಾಕೆಂದರೆ ಬಳಸುವುದು ಸುಲಭ ಅನ್ನಿಸುತ್ತದೆ. ನಿಜಕ್ಕೂ ಮೂರರಲ್ಲಿ ಕಷ್ಟದ್ದು ಅದೇ. ಒಂದೊಂದು ಸಲ ಗುಂಡಿ ಒತ್ತುವಾಗಲೂ ಎದುರಾಳಿ ಮುಂದೆ ಯಾರನ್ನು ಇಳಿಸುತ್ತಾನೆ ಅಂತ ಊಹಿಸಬೇಕು.

ಈಗ ಟೇಬಲ್‌ನ ಆಚೆ ಬದಿಗೆ ಬನ್ನಿ

ಎದುರಿಗೆ ಗಾರ್ಚಾಂಪ್ ಬಂದಿದೆ. ಯಾರನ್ನು ಇಳಿಸಬೇಕು ಅಂತ ಕೇಳುವ ಮುಂಚೆ ಯಾವ ಗಾರ್ಚಾಂಪ್ ಅಂತ ಕೇಳಿ. ಹೆಲ್ಮೆಟ್ ಸೆಟ್‌ಗೆ ಹಿಡಿದ ಮದ್ದು ಸ್ವೋರ್ಡ್ಸ್ ಡ್ಯಾನ್ಸ್‌ಗೆ ಹಿಡಿಯುವುದಿಲ್ಲ.

ಸುಳಿವು ಮೊದಲೇ ಸಿಗುತ್ತದೆ. ಆಟ ಶುರುವಾಗುವ ಮುಂಚೆ ಎರಡೂ ಟೀಮ್ ತೋರಿಸುತ್ತಾರಲ್ಲ, ಆಗ ಅವನ ಉಳಿದ ಐವರನ್ನು ನೋಡಿ. ಸ್ಟೆಲ್ತ್ ರಾಕ್ ಹಾಸಬಲ್ಲ ಇನ್ನೊಬ್ಬ ಕಾಣದಿದ್ದರೆ ಗಾರ್ಚಾಂಪೇ ಆ ಕೆಲಸದವನು. ಆಮೇಲೆ ಸ್ಪೀಡ್ ಗಮನಿಸಿ. ಪೂರ್ತಿ ಸ್ಪೀಡ್ ಹಾಕಿದ ನಿಮ್ಮ ಐರನ್ ವೇಲಿಯಂಟ್ 364 ಓಡುತ್ತದೆ. ಬೂಸ್ಟ್ ಇಲ್ಲದ ಗಾರ್ಚಾಂಪ್ ಅದಕ್ಕಿಂತ ಮೊದಲು ಹೊಡೆದರೆ ಅದು ಸ್ಕಾರ್ಫ್ ಅನ್ನದೆ ವಿಧಿಯಿಲ್ಲ. ಟರ್ನ್ ಕೊನೆಗೆ ಲೆಫ್ಟ್‌ಓವರ್ಸ್‌ನಿಂದ ಎಚ್‌ಪಿ ಏರಿತೇ? ಹಾಗಿದ್ದರೆ ಸ್ಕಾರ್ಫೂ ಇಲ್ಲ, ಡೈಸೂ ಇಲ್ಲ. ಎರಡು ಬೇರೆ ಬೇರೆ ಮೂವ್ ಹೊಡೆಯಿತೇ, ನಡುವೆ ಹೊರಗೆ ಹೋಗದೆ? ಸ್ಕಾರ್ಫ್ ಲೆಕ್ಕದಿಂದ ತೆಗೆಯಿರಿ.

ಎಲ್ಲರೂ ಹೇಳುವ ಮದ್ದು ಐಸ್ ಶಾರ್ಡ್. ಯಾವಾಗಲೂ ಮೊದಲು ತಾಗುವ ಐಸ್ ಏಟು, ನಾಲ್ಕು ಪಟ್ಟು. ವೀವೈಲ್ ಇದ್ದರೆ ಗಾರ್ಚಾಂಪ್ ಭಯ ಇಲ್ಲ ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಜಾಲಿ ವೀವೈಲ್, ಅಟ್ಯಾಕ್‌ಗೆ 252 ಇವಿ, ಏಟು ಹೆಚ್ಚಿಸುವ ಐಟಮ್ ಇಲ್ಲ. ಡಿಫೆನ್ಸ್‌ಗೆ ಏನೂ ಹಾಕದ, ಪೂರ್ತಿ ಎಚ್‌ಪಿ ಇರುವ ಗಾರ್ಚಾಂಪ್‌ಗೆ ಅದರ ಐಸ್ ಶಾರ್ಡ್ ಶೇ. 74ರಿಂದ 87ರಷ್ಟು ಪೆಟ್ಟು ಕೊಡುತ್ತದೆ. ಸಾಯುವುದಿಲ್ಲ! ತಿರುಗಿ ಅರ್ಥ್‌ಕ್ವೇಕ್ ಹೊಡೆಯುತ್ತದೆ, ಮೊದಲೇ ಕುಣಿದಿದ್ದರೆ ತೆಳ್ಳಗಿನ ವೀವೈಲ್ ಅದಕ್ಕೆ ತಡೆಯುವುದಿಲ್ಲ.

ಆದರೆ ಅದೇ ಗಾರ್ಚಾಂಪ್ ಒಮ್ಮೆ ಸ್ಕೇಲ್ ಶಾಟ್ ಹೊಡೆದಿದ್ದರೆ? ಡಿಫೆನ್ಸ್ ಒಂದು ಹಂತ ಇಳಿದಿರುತ್ತದೆ. ಈಗ ಅದೇ ಐಸ್ ಶಾರ್ಡ್ ಕಡಿಮೆ ಅಂದರೂ ಶೇ. 108. ಹಾಗಾಗಿ ಸ್ವೋರ್ಡ್ಸ್ ಡ್ಯಾನ್ಸ್ ಕುಣಿದ ಕೂಡಲೇ ಗಾಬರಿಯಿಂದ ವೀವೈಲ್ ಎಸೆಯಬೇಡಿ. ಅದು ಸ್ಕೇಲ್ ಶಾಟ್ ಹೊಡೆದು ಒಬ್ಬರನ್ನು ತೆಗೆದುಕೊಳ್ಳಲಿ. ಆಮೇಲೆ ಉಚಿತವಾಗಿ ಒಳಗೆ ಬಂದು ಮುಗಿಸಿ. ಇಲ್ಲವೇ ಸ್ಟೆಲ್ತ್ ರಾಕ್, ಸಣ್ಣಪುಟ್ಟ ಏಟುಗಳಿಂದ ಅದರ ಕಾಲು ಭಾಗ ಎಚ್‌ಪಿ ಮೊದಲೇ ಕರಗಿಸಿಡಿ. ಐಸ್ ಶಾರ್ಡ್ ಮೈ ಮುಟ್ಟುವ ಏಟಲ್ಲ, ರಫ್ ಸ್ಕಿನ್ ಕಾಟವೂ ಇಲ್ಲ.

ಬೂಸ್ಟ್‌ಗೆ ನಿಜವಾಗಿ ಹೆದರದವರು ಅನ್‌ಅವೇರ್ ಎಬಿಲಿಟಿಯವರು. ಡೊಂಡೋಜೋ ಇದ್ದರೆ ಗಾರ್ಚಾಂಪ್ ನೂರು ಸಲ ಕುಣಿದರೂ ಅದಕ್ಕೆ ಕಾಣುವುದೇ ಇಲ್ಲ. ಕ್ಲೆಫೇಬಲ್‌ಗೂ ಈ ಎಬಿಲಿಟಿ ಹಾಕಬಹುದು, ಮೇಲಾಗಿ ಅದಕ್ಕೆ ಸ್ಕೇಲ್ ಶಾಟೂ ತಾಗುವುದಿಲ್ಲ. ಕಾರ್ವಿನೈಟ್, ಸ್ಕಾರ್ಮರಿ ಅರ್ಥ್‌ಕ್ವೇಕ್‌ನಿಂದ ಪೂರ್ತಿ ಪಾರು. ಫೈರ್ ಫ್ಯಾಂಗ್ ಇದೆಯೋ ಇಲ್ಲವೋ ಗೊತ್ತಾಗುವವರೆಗೆ ಎದೆ ಢವಢವ ಅನ್ನುತ್ತಿರುತ್ತದೆ, ಅಷ್ಟೇ. ಎನಾಮರಸ್ ಫೇರಿ-ಫ್ಲೈಯಿಂಗ್. ಗಾರ್ಚಾಂಪ್‌ನ ಎರಡೂ ಮುಖ್ಯ ಟೈಪ್ ಅದಕ್ಕೆ ಸೊನ್ನೆ. ಸ್ಟೋನ್ ಎಡ್ಜ್, ಪಾಯ್ಸನ್ ಜ್ಯಾಬ್ ಮಾತ್ರ ಎರಡು ಪಟ್ಟು ತಾಗುತ್ತವೆ.

ಸುಡುವ ದಾರಿಯೂ ಇದೆ. ರೋಟಮ್-ವಾಶ್ ಲೆವಿಟೇಟ್‌ನಿಂದಾಗಿ ಅರ್ಥ್‌ಕ್ವೇಕ್ ತಪ್ಪಿಸಿಕೊಂಡು ವಿಲ್-ಓ-ವಿಸ್ಪ್ ಎಸೆಯುತ್ತದೆ. ಶೇ. 85 ಸಲ ತಾಗುತ್ತದೆ, ತಾಗಿದರೆ ಅಟ್ಯಾಕ್ ಅರ್ಧ. ಹೊಡೆಯುವ ಎರಡು ಸೆಟ್‌ಗಳಿಗೆ ಇದು ಮರಣಶಾಸನ. ಆದರೆ ಹೆಲ್ಮೆಟ್ ಗಾರ್ಚಾಂಪನ್ನು ಸುಟ್ಟು ಏನು ಪ್ರಯೋಜನ? ಅದು ಸುಟ್ಟುಕೊಂಡೇ ಕಲ್ಲು ಹಾಸುತ್ತದೆ, ಸುಟ್ಟುಕೊಂಡೇ ನಿಮ್ಮನ್ನು ಹೊರಗೆ ದಬ್ಬುತ್ತದೆ. ಪ್ರತಿ ಟರ್ನ್ ಸ್ವಲ್ಪ ಎಚ್‌ಪಿ ಹೋಗುವುದೊಂದೇ ಲಾಭ.

ಹೆಲ್ಮೆಟ್ ಸೆಟ್‌ಗೆ ನನ್ನ ಆಯ್ಕೆ ಹ್ಯಾಟರೀನ್. ಅದರ ಮ್ಯಾಜಿಕ್ ಬೌನ್ಸ್ ಸ್ಟೆಲ್ತ್ ರಾಕ್, ಸ್ಪೈಕ್ಸ್ ಎರಡನ್ನೂ ಎಸೆದವನ ಕಡೆಗೇ ತಿರುಗಿಸುತ್ತದೆ. ಫೇರಿ ಆದ್ದರಿಂದ ಡ್ರ್ಯಾಗನ್ ಟೇಲ್ ತಾಗದು. ಉಳಿದದ್ದು ಅರ್ಥ್‌ಕ್ವೇಕ್ ಒಂದೇ. ಹ್ಯಾಟರೀನ್ ಇಲ್ಲವೇ? ವೇಗವಾಗಿ ಟಾಂಟ್ (ಕಲ್ಲು ಹಾಸುವಂಥ, ಹೊಡೆಯದ ಮೂವ್‌ಗಳನ್ನು ತಡೆಯುವ ಮೂವ್) ಹಾಕುವವರನ್ನು ಇಳಿಸಿ, ಇಲ್ಲವೇ ದೂರದಿಂದ ಐಸ್ ಬೀಮ್ ಹೊಡೆಯುವವರನ್ನು. ಮುಟ್ಟಿ ಹೊಡೆಯುವವರನ್ನು ಮಾತ್ರ ಬೇಡ.

ಸ್ಕಾರ್ಫ್ ಅಂತ ಖಚಿತವಾದರೆ ಕೆಲಸ ಹಗುರ. ಅರ್ಥ್‌ಕ್ವೇಕ್‌ಗೆ ಅಂಟಿಕೊಂಡಿದೆ, ಹಾರುವವರನ್ನು ಇಳಿಸಿ ಬೂಸ್ಟ್ ಮಾಡಿಕೊಳ್ಳಿ. ಔಟ್‌ರೇಜ್‌ಗೆ ಅಂಟಿಕೊಂಡಿದೆ, ನನ್ನ ಮೇಲೆ ಆ ಅಜುಮರಿಲ್‌ನವನು ಮಾಡಿದ್ದನ್ನೇ ಮಾಡಿ.

ಟೆರಾ ಎಂಬ ತಲೆನೋವು

ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಒಂದು ಕ್ಷಣದಲ್ಲಿ ತಲೆಕೆಳಗು ಮಾಡುವುದು ಟೆರಾ, ಅಂದರೆ ಆಟದ ನಡುವೆ ಒಂದು ಸಲ ಟೈಪ್ ಬದಲಾಯಿಸುವ ಅವಕಾಶ. ಗಾರ್ಚಾಂಪ್ ಹೆದರುವುದು ಐಸ್, ಡ್ರ್ಯಾಗನ್, ಫೇರಿ ಮೂರಕ್ಕೆ. ಸ್ಟೀಲ್ ಟೆರಾ ಮಾಡಿದರೆ ಮೂರೂ ಅರ್ಧಕ್ಕಿಳಿಯುತ್ತವೆ. ಶೇ. 108 ಅಂತ ಲೆಕ್ಕ ಹಾಕಿದ್ದ ಐಸ್ ಶಾರ್ಡ್ ಗೀರು ಗಾಯವಾಗುತ್ತದೆ. ಬದಲಿಗೆ ಫೈರ್, ಫೈಟಿಂಗ್, ಗ್ರೌಂಡ್ ಏಟುಗಳಿಗೆ ಬಾಗಿಲು ತೆರೆಯುತ್ತದೆ. ಫೈರ್ ಟೆರಾ ಆದರೆ ಐಸ್ ಮತ್ತು ಫೇರಿ ಅರ್ಧ, ಸುಡುವ ಭಯವೂ ಇಲ್ಲ, ರೋಟಮ್‌ನ ವಿಸ್ಪ್ ವ್ಯರ್ಥ. ಬಳಸುವವರಿಗೆ ನನ್ನ ಸಲಹೆ ಸ್ವೋರ್ಡ್ಸ್ ಡ್ಯಾನ್ಸ್‌ಗೆ ಸ್ಟೀಲ್. ಎದುರಿಸುವವರು ಗಾರ್ಚಾಂಪ್ ಕುಣಿಯುವ ಮುಂಚೆಯೇ ಎದುರಾಳಿ ಟೆರಾವನ್ನು ಬೇರೆಯವರ ಮೇಲೆ ಖರ್ಚು ಮಾಡುವ ಹಾಗೆ ಒತ್ತಡ ಹಾಕಬೇಕು. ಅದು ಆಗದಿದ್ದರೆ ಡೊಂಡೋಜೋನಂಥವರನ್ನು ಕೊನೆಯವರೆಗೂ ಜೋಪಾನವಾಗಿ ಉಳಿಸಿಕೊಳ್ಳಿ. ಟೆರಾ ಏನೇ ಆದರೂ ಬೂಸ್ಟ್ ಅವರಿಗೆ ಕಾಣುವುದಿಲ್ಲ.

ಡಬಲ್ಸ್ (ಎರಡೆರಡು ಪೋಕೆಮಾನ್ ಒಟ್ಟಿಗೆ ಇಳಿಸುವ ಆಟ) ಆಡುವವರಿಗೆ ಎರಡು ಮಾತು. 2014ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಸೆ ಜುನ್ ಪಾರ್ಕ್ ಅವರ ಟೀಮಿನ ಪಾಚಿರಿಸು ಎಲ್ಲರಿಗೂ ನೆನಪಿದೆ. ಅದೇ ಟೀಮಿನಲ್ಲಿ ಗಾರ್ಚಾಂಪೂ ಇತ್ತು. ಅಲ್ಲಿ ಲೆವೆಲ್ 50, ಗರಿಷ್ಠ ಸ್ಪೀಡ್ 169. ಅರ್ಥ್‌ಕ್ವೇಕ್ ಎದುರಾಳಿಗಳ ಜೊತೆ ನಿಮ್ಮ ಪಕ್ಕದವನಿಗೂ ತಾಗುತ್ತದೆ, ಅದೂ ಮುಕ್ಕಾಲು ಪೆಟ್ಟಿಗೆ ಇಳಿದು. ಪಕ್ಕದಲ್ಲಿ ಹಾರುವವರು ಇಲ್ಲದಿದ್ದರೆ ಒಬ್ಬನಿಗೇ ಹೊಡೆಯುವ ಸ್ಟಾಂಪಿಂಗ್ ಟ್ಯಾಂಟ್ರಮ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅರ್ಥ್‌ಕ್ವೇಕ್ ಹೊಡೆಯುವ ಟರ್ನ್‌ನಲ್ಲಿ ಪಕ್ಕದವನಿಗೆ ಪ್ರೊಟೆಕ್ಟ್ ಒತ್ತಲು ಮರೆಯಬೇಡಿ.